ಸೊಟ್ಟ ಬೇಲಿ

ನಕಾಶೆಯಲ್ಲಿದ್ದದ್ದು ಗುಂಡನೆಯ ಒಂದು ಗೆರೆ,
ಮರದಿಂದ ಎತ್ತ ಅಳೆದರೂ ಮೂರು ಮೀಟರು.
ಬಿರ್ಕತ್ ಅಲ್ ಮೌಝ್‌ನ ಪೊಲೀಸರಿಗೆ ಗಾಡಿ ತೋರಿಸಿ,
ಕಿವಿ ಗಪ್ಪೆನ್ನುವ ಏರು ಹತ್ತಿ
ಸೈಕ್‌ನ ಆಚೆ ನಾನೂ ಶಫೀಕುಲನೂ ಇಳಿದಾಗ
ಅದು ನಿಂತಿತ್ತು, ಐದಾಳೆತ್ತರ,
ಅರ್ಧ ಒಣಗಿ, ಅರ್ಧ ಹಸಿರಾಗಿ,
ಪುಂಡಿನಾರಿನಂಥ ತೊಗಟೆ ತಾನೇ ಸುಲಿದುಕೊಂಡು.
ಎಲೆಯೆಂಬುದೇ ಇಲ್ಲ, ಬರೀ ಹುರಿ ಹುರಿ.

ಆಡುಗಳು ಸಸಿ ತಿನ್ನುತ್ತವಂತೆ, ಅದಕ್ಕೆ ಬೇಲಿ.
ಆಡುಗಳು ಝಹ್ರಾನ್ ಮುದುಕನವು.
ಬೈಯಲು ಬಂದನೆಂದು ವೆಲ್ಡಿಂಗ್ ಕನ್ನಡಕ ತೆಗೆಯದೆ ಕೂತಿದ್ದೆ.
ಅವನು ತಲೆಯ ಕುಮ್ಮಾ ತೆಗೆದು
ಬೂದಿ ಹಚ್ಚಿದಂಥ ನೀಲಿ ಕಾಳು
ನನ್ನ ಅಂಗೈಗೆ ಸುರಿದ.
ತಿನ್ನು, ಅಂದ.

ಮೊದಲು ಚಿಮಣಿ ಎಣ್ಣೆ. ಆಮೇಲೆ ಒಗರು.
ಆಮೇಲೆ, ಉಗಿಯಲೆಂದು ಬಾಯಿ ತೆರೆದಾಗ,
ಬೆಲ್ಲದ ಡಬ್ಬಿ ತೊಳೆದ ನೀರಿನಷ್ಟು ಸಿಹಿ.
ಹಸಿರು ನೀಲಿಯಾಗಲು ಎರಡು ವರ್ಷ ಬೇಕು,
ಎರಡು ಬೆರಳೆತ್ತಿ ತೋರಿಸಿದ.
ನನ್ನ ವೀಸಾದಷ್ಟೇ.
ನಾನು ಮಸ್ಕತ್ತಿನಲ್ಲಿ ಇಳಿದ ತಿಂಗಳು ಕಚ್ಚಿದ ಕಾಯಿ ಇದು.

ನಾವು ಅಲ್‌ಅಲಾನ್ ಅನ್ನುತ್ತೇವೆ, ನೀವು?
ನಮ್ಮಲ್ಲಿ ಇದಿಲ್ಲ, ಹೆಸರೂ ಇಲ್ಲ.
ಮುದುಕ ನನ್ನ ಬಾಯನ್ನೇ ನೋಡುತ್ತಿದ್ದ.
ಗಿಡ, ಅಂದೆ.
ಇಳಕಲ್ ಕಡೆ ಹಾಗೆಯೇ. ಮುಗಿಲು ಮುಟ್ಟಿದ ಬೇವಿಗೂ ಗಿಡ,
ಡಾಲ್ಡಾ ಡಬ್ಬಿಯ ಕಾಮಕಸ್ತೂರಿಗೂ ಗಿಡ.
'ಗಿದ', ಅವನು ಅಂದು ನೋಡಿದ.
ಡ ಅವನ ನಾಲಗೆಗೆ ಬರಲಿಲ್ಲ.
ಎದ್ದು ಹೋಗಿ, ಕೋಲಿನ ತುದಿಯಿಂದ ಒಂದು ಕಲ್ಲು ಸರಿಸಿದ:
ಕಿರುಬೆರಳುದ್ದ, ಮೈಯೆಲ್ಲ ಮುಳ್ಳು.
'ಇದೂ ಗಿದ?'
ಹೌದು. ಅದೂ ಗಿಡ.

ಟೇಪು ಹಿಡಿದೆವು. ಮೂರು ಮೀಟರ್ ಅರವತ್ತು.

ಹುಗಿದ ಕಂಬ ಕೀಳುವುದು ಹುಗಿಯುವುದಕ್ಕಿಂತ ಕಷ್ಟ.
ಶಫೀಕುಲ ಗೊಣಗಿದ,
ಆದರೂ ಹಾರೆ ಎತ್ತಿದ್ದು ಮೊದಲು ಅವನೇ.
ಗುರುವಾರ ಇಂಜಿನಿಯರ್ ಬಂದ.
ದಸ್ತಗೀರ್, ಈ ಕಡೆ ಬೇಲಿಗೆ ಹೊಟ್ಟೆ ಯಾಕೆ ಬಂತು?
ಬಂಡೆ ಸಿಕ್ಕಿತು ಸಾರ್, ಅಂದೆ.
ಪೂರಾ ಸುಳ್ಳಲ್ಲ,
ಇಲ್ಲಿ ಎಲ್ಲಿ ಅಗೆದರೂ ಬಂಡೆಯೇ.

ಇಳಿಯುವಾಗ ಜೇಬಿನಲ್ಲಿ ನಾಲ್ಕು ಕಾಳು ಉಳಿದಿದ್ದವು.
ಎರಡು ಶಫೀಕುಲನಿಗೆ ಕೊಟ್ಟೆ.
ಅಗಿದ, ಮುಖ ಕಿವುಚಿದ,
ಉಗಿಯಲು ಕಿಟಕಿಯ ಗಾಜು ಇಳಿಸತೊಡಗಿದ.
ತಡಿ, ಅಂದೆ.
ಇನ್ನೊಂದು ತಿರುವಿನವರೆಗೆ ತಡಿ.