ಸಾಲು

ಮೇ ತಿಂಗಳು. ಕಲಬುರಗಿದಾಗ ನಲವತ್ನಾಕು ಡಿಗ್ರಿ,
ಡಾಂಬರು ಚಪ್ಪಲಿಗಿ ಹತ್ತತದ.
ಒಳಗ ಈ ಉಕ್ಕಿನ ಪೀಪಾಯಿದಾಗ, ತಸ್ಲೀಮಾ ಮೇಡಂ ಹೇಳ್ತಾರ,
ಥಂಡಿಗೇ ಥಂಡಿ ಹತ್ತೂವಷ್ಟು ಥಂಡಿ.

ನಂದು ಪಂಪ್ ನೋಡೂ ಕೆಲಸ. ಎಣ್ಣಿ, ಬೆಲ್ಟು, ವಾಶರು.
ಮೊದಲ ಹುಮನಾಬಾದ್ ರೋಡಿನ ಬ್ಯಾಳಿ ಮಿಲ್ಲಿನಾಗ ಫಿಟ್ಟರ್ ಇದ್ದೆ,
ಹಂಗಾಗಿ ಮೇಡಂ ಹೇಳೂದ್ರಾಗ ಅರ್ಧ ನನಗ ಗೊತ್ತಿದ್ದದ್ದೇ:
ಸಣ್ಣ ತೂತಿನಿಂದ ಅಣು ಹಾರಿ ಬರ್ತಾವ,
ತಾಮ್ರದ ಕೊಂಬು ನಡಕಿನವು ಅಷ್ಟೇ ಮುಂದ ಬಿಡ್ತದ,
ಆಮ್ಯಾಲ ಎರಡು ಪಟ್ಟಿ, ನಡುವ ಹತ್ತು ಸಾವಿರ ವೋಲ್ಟು.
ಮುಟ್ಟಂಗಿಲ್ಲ, ಊದಂಗಿಲ್ಲ.
ಮೆಲ್ಲಗ ತಿರುಗೂವು ಬಾಗ್ತಾವ,
ಜೋರ್ಲೆ ತಿರುಗೂವು ಸೀದಾ ಹೋಗ್ತಾವ.

ಭೀಮಬಾಯಿ ಇದನ್ನ ಮೊರದಾಗ ಮಾಡ್ತಿದ್ಳು.
ಕಲ್ಲು ಅತ್ತ, ಬ್ಯಾಳಿ ಇತ್ತ, ಹೊಟ್ಟು ಆಕಿ ಮೂಗಿನ ಮ್ಯಾಲ,
ಸೊಸಿ ಸುದ್ದಿ ಹೇಳಿಕೋತ, ಮೊರದ ಕಡಿ ನೋಡದೇ.

ಆಕಿ ಜಾಗಾಕ್ಕ ಕ್ಯಾಮರಾ ಮಷೀನ್ ಕುಂದ್ರಿಸಿದಾಂವ ನಾನು.
ಬೋಲ್ಟು ಬಿಗಿಯೂವಾಗ
ಹದಿನೇಳು ಹೆಣ್ಮಕ್ಳು ಗೋಡಿಗಿ ಸಾಲಾಗಿ ನಿಂತು ನೋಡಿದ್ರು.
ಮರುದಿನ ಗೋಡಿ ಅಷ್ಟೇ ಇತ್ತು.

ಇವತ್ತು ಲೇಸರ್. ಕಣ್ಣಿಗಿ ಕಾಣದ ಒಂದು ಏಟು.
ಹ್ಯಾಂಗ್ಹ್ಯಾಂಗರ ಉಳ್ಳಾಡೂ ಅಣು ಎಲ್ಲಾ
ಒಂದೇ ದಿಕ್ಕಿಗಿ ಹೊಳ್ಳಿ ನಿಂತವು,
ಚದುರಿದವು.
ಮುಗೀತೇನ್ರಿ, ಅಂದೆ.
ತಡೀರಿ ಸಾಯಬಣ್ಣ.

ಪರದೆ ಮ್ಯಾಲ ಒಂದೊಂದೇ ಚುಕ್ಕಿ ಬೀಳ್ಲಕತ್ತಿತ್ತು,
ಗೆರಿ ಮಲಗಿದ್ದು ಮಲಗೇ ಇತ್ತು.
ಏಟು ಯಾವಾಗೋ ಮುಗದದ. ಯಾರೂ ಕರದಿಲ್ಲ, ದೂಡಿಲ್ಲ.
ಗೆರಿ ಎದ್ದಿತು. ಮತ್ತ ಸಾಲು!
ತಮ್ಮ ತಮ್ಮ ಸುತ್ತು ಮುಗಿಸಿ ತಾವೇ ಕೂಡ್ತಾವ, ಅಂದ್ರು ಮೇಡಂ,
ಇನ್ನೂ ಏನೋ ಅಂದ್ರು, ನಾ ಕೇಳಿಸಿಕೊಳ್ಳಲಿಲ್ಲ.

ಹೋದ ಶುಕ್ರವಾರ ಪಿಎಫ್ ಆಫೀಸಿನ ಮುಂದ
ಹದಿನೇಳರಾಗ ಹದಿನಾಕು ಮಂದಿ.
ಪುಣೆದಿಂದ ಒಬ್ಬಾಕಿ, ಶಹಾಬಾದದಿಂದ ಇಬ್ಬರು,
ಕೈದಾಗ ಹಳೇ ಚೀಟಿ, ಪ್ಲಾಸ್ಟಿಕ್ ಚೀಲದಾಗ ಸುತ್ತಿದ್ದು.
ನಾ ಎದುರಿನ ಚಹಾದಂಗಡಿದಾಗ ಕುಂತಿದ್ದೆ.
ಮಾತಾಡೂವಾಗ ಭೀಮಬಾಯಿ ಕೈ
ಖಾಲಿ ಗಾಳಿ ಕೇರ್ತಿತ್ತು.
ಆಕಿ ಈ ಕಡಿ ನೋಡಿದ್ಳು.
ನಾ ಕಪ್ಪಿನ ತಳ ನೋಡಿದೆ.

ಕರೆಂಟ್ ಹೋಯ್ತು.
ಪಂಪು ಉಸರು ಬಿಟ್ಟು ಸುಮ್ಮನಾಯ್ತು.
ಕತ್ತಲದಾಗ ವಾಲ್ವು ಹುಡುಕಿ ತಿರುವ್ಲಕತ್ತೀನಿ,
ಮೇಡಂ ಮೊಬೈಲ್ ಬೆಳಕು ಹಿಡದು ಕೇಳ್ತಾರ:
ಒತ್ತಡ ಎಷ್ಟದ, ಸಾಯಬಣ್ಣ?

ಏರ್ಲಕತ್ತದ್ರಿ.