ಅಳಿವೆ ದಾಟುವ ಲೆಕ್ಕ

ಹದಿನಾಲ್ಕು ತಿಂಗಳು ದೋಣಿ ನೋಡಿದೆವು.
ಇಷ್ಟು ನಿಧಾನವಾಗಿ ನನ್ನನ್ನು ನೋಡಿದ್ದರೆ
ಡೆಸ್ಮಂಡ್ ಇನ್ನೂ ಬ್ರಹ್ಮಚಾರಿ.

ಟೌರಂಗಾದಲ್ಲಿ ಒಂದು. ಓಪೊಟಿಕಿಯ ಹಿತ್ತಿಲಲ್ಲಿ,
ನಿಂಬೆಗಿಡದ ಕೆಳಗೆ, ಕೋಳಿ ಮೊಟ್ಟೆಯಿಟ್ಟ ಇನ್ನೊಂದು.
ಅವನು ಮಂಡಿಯೂರಿ ಅದರ ಹೊಟ್ಟೆ ತಟ್ಟುತ್ತಾನೆ,
ಅಲ್ಯೂಮಿನಿಯಂ ಏನೋ ಹೇಳುತ್ತದೆ, ತಲೆದೂಗುತ್ತಾನೆ.
ಮೂವತ್ತೆಂಟು ವರ್ಷ ಕಾಗದದ ಗಿರಣಿಯಲ್ಲಿ
ಯಂತ್ರದ ಕೆಮ್ಮು ಕೇಳಿಯೇ ಕಾಯಿಲೆ ಹೇಳಿದವನು.
ನಾನು ಅಷ್ಟೇ ವರ್ಷ ಮನೆಮನೆ ತಿರುಗಿದ ನರ್ಸು;
ನನಗೆ ಕೇಳಿಸುವುದು ಬೇರೆ ಕೆಮ್ಮು.

ಅವನ ಪಟ್ಟಿ ಫ್ರಿಜ್ಜಿನ ಬಾಗಿಲ ಮೇಲೆ:
ಏಳೂವರೆ ಮೀಟರು. ಜೋಡಿ ಎಂಜಿನ್.
ಮೂವತ್ತು ಮೈಲಿ ಆಚೆ, ಟ್ಯೂನ ಓಡಾಡುವ ನೀಲಿಗೆ
ಹೋಗಿ, ಕತ್ತಲಿಗೆ ಮುಂಚೆ ಬರುವಷ್ಟು ಟ್ಯಾಂಕು.
ನನ್ನದು ಅದರ ಬೆನ್ನಿಗೆ, ಪೆನ್ಸಿಲಿನಲ್ಲಿ:
ಕದವಿರುವ ಕಕ್ಕಸು.
ಮೊಮ್ಮಗಳು ಅನಹೆರಾ ವಾಂತಿ ಮಾಡುವಾಗ
ಹಿಡಿಯಲು ಕಂಬಿ, ಅವಳೆತ್ತರಕ್ಕೆ.
ನನ್ನ ಎಡಮಂಡಿಗೆ ಒಂದು ಮೆಟ್ಟಿಲು.
ನೆರಳು. ಮತ್ತೆ ನೆರಳು.
ಕೊನೆಯ ಸಾಲು ಬರೆದು ಅಳಿಸಿದ್ದೆ; ಗುರುತು ಉಳಿದಿತ್ತು.

ಒಂದು ರಾತ್ರಿ ಲೆಕ್ಕಕ್ಕೆ ಕೂತ:
ಇನ್ನು ಹತ್ತು ಬೇಸಿಗೆ ಅಂತಿಟ್ಟುಕೋ,
ಬೇಸಿಗೆಗೆ ನಲವತ್ತು ದಿನ ಗಾಳಿ ಸುಮ್ಮನಿರುತ್ತದೆ,
ಅದರಲ್ಲಿ ಹದಿನೈದು ಮದುವೆ, ಡಾಕ್ಟರು, ಯಾರದೋ ಮಣ್ಣು.
ಉಳಿದದ್ದರಿಂದ ದೋಣಿಯ ಬೆಲೆ ಭಾಗಿಸಿ
ದೀಪ ಆರಿಸಿದ. ಉತ್ತರ ಹೇಳಲಿಲ್ಲ.

ಬ್ರೆಂಟ್ ಅನ್ನುವ ಹುಡುಗ ತೋರಿಸಿದ್ದು ಆರು ಮೀಟರಿನದು,
ಒಂದೇ ಎಂಜಿನ್, ಹಳದಿ ಪಟ್ಟೆ,
ಹಿಂದಿನವರ ಮಕ್ಕಳು ಅಂಟಿಸಿದ ಡಾಲ್ಫಿನ್.
ಡೆಸ್ಮಂಡನ ಮುಖ ಹರಳೆಣ್ಣೆ ಕುಡಿದ ಹಾಗೆ.
ನೀರಿಗಿಳಿಸಿ ನೋಡೋಣ, ಅಂದೆ.

ಫಕಟಾನೆಯ ಅಳಿವೆ ಗೊತ್ತಿದ್ದವರಿಗೆ ಗೊತ್ತು:
ನದಿ ಹೊರಗೆ ನೂಕುತ್ತದೆ, ಕಡಲು ಒಳಗೆ ನೂಕುತ್ತದೆ,
ನಡುವೆ ಮರಳು ಯಾರ ಮಾತೂ ಕೇಳದೆ ಮಲಗಿರುತ್ತದೆ.
ಹೋಗುವಾಗ ಚುಕ್ಕಾಣಿ ಅವನದು.
ಆಚೆ, ದ್ವೀಪದ ಮಗ್ಗುಲಲ್ಲಿ, ಎಂಜಿನ್ ಆರಿಸಿ
ಹೇಳಿದೆ: "ಈಗ ನೀನು ಬಿದ್ದೆ."
"ಎಲ್ಲಿಗೆ?"
"ಇಲ್ಲೇ. ಎದೆ ಹಿಡಿದುಕೊಂಡು. ಮಲಗು."

ಅವನು ಬ್ರೆಂಟನನ್ನು ನೋಡಿದ, ಬ್ರೆಂಟ್ ನೀರನ್ನು ನೋಡಿದ.
ಆಮೇಲೆ ಮೀನಿನ ಪೆಟ್ಟಿಗೆಯ ಪಕ್ಕ ಉದ್ದಕ್ಕೆ ಒರಗಿದ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ,
ಅವನ ಬೂಟು ಹಿಂಬದಿಯ ಹಲಗೆಗೆ ತಾಗಿ ನಿಂತಿತು,
ಒಂದಂಗುಲ ಮಿಕ್ಕಲಿಲ್ಲ.

ಕೀಲಿ ತಿರುಗಿಸಿದೆ. ಹತ್ತಿತು.
ರೇಡಿಯೋ ಕೈಗೆಟುಕಿತು, ತುದಿಗಾಲಲ್ಲಿ ನಿಲ್ಲದೆ.
ಅಳಿವೆಯ ಬಾಯಲ್ಲಿ ಕಾದೆ,
ಜ್ವರದ ಮಗುವಿನ ಉಸಿರೆಣಿಸುವ ಹಾಗೆ ತೆರೆ ಎಣಿಸಿದೆ:
ದೊಡ್ಡದು, ದೊಡ್ಡದು, ಅದಕ್ಕಿಂತ ದೊಡ್ಡದು,
ಈಗ.
ಆ ತೆರೆಯ ಬೆನ್ನು ಬಿಡದೆ, ಅದನ್ನು ಮೀರದೆ,
ಅರವತ್ತೇಳು ವರ್ಷವನ್ನೂ ಗಂಟಲಲ್ಲಿ ಹಿಡಿದುಕೊಂಡು
ಬಂದೆ.

ಹಿಂದೆ ನನ್ನ ಹೆಣ ಮಾತಾಡುತ್ತಿತ್ತು:
"ಎಡಕ್ಕೆ. ಒಂಚೂರು ಎಡಕ್ಕೆ, ರೇವಿನ್."
"ಸತ್ತವರು ಸುಮ್ಮನಿರಬೇಕು."

ದಕ್ಕೆಯಲ್ಲಿ ಎದ್ದು ಕೂತ,
ಅಂಗಿಯ ಬೆನ್ನಿಗೆಲ್ಲ ಯಾರದೋ ಹಳೆಯ ಮೀನಿನ ಹುರುಪೆ.
"ಚೆನ್ನಾಗಿ ಸತ್ತೆನಾ?"
"ಬಾಯಿ ಜಾಸ್ತಿ," ಅಂದೆ,
ನಡುಗುವ ಕೈ ಜೇಬಿನಲ್ಲಿಟ್ಟು.
ಅವನು ಬ್ರೆಂಟನ ಕಡೆ ತಿರುಗಿ, ಏನೂ ಆಗದವನ ಹಾಗೆ,
ಆ ಡಾಲ್ಫಿನ್ ಕಿತ್ತರೆ ಬಣ್ಣ ಏಳುತ್ತದಾ, ಅಂತ ಕೇಳಿದ.

ಡಾಲ್ಫಿನ್ ಇನ್ನೂ ಇದೆ. ಅನಹೆರಾ ಕೀಳಗೊಡಲಿಲ್ಲ.
ಟ್ಯೂನದ ನೀಲಿ ನಮಗೆ ದೂರವೇ ಉಳಿಯಿತು,
ಸ್ನಾಪರ್ ಹತ್ತಿರದಲ್ಲೇ ಕಚ್ಚುತ್ತದೆ.
ನೆರಳು ಸಾಲದು, ಕಕ್ಕಸಿಗೆ ಕದವಿಲ್ಲ, ಪರದೆ ಕಟ್ಟಿದ್ದೇವೆ.
ಮರಳುವಾಗ ಮಾತ್ರ, ಅಳಿವೆ ಕಾಣಿಸಿದೊಡನೆ,
ಯಾರೂ ಕೇಳದಿದ್ದರೂ
ಅವನು ಎದ್ದು ಕುರ್ಚಿ ಬಿಡುತ್ತಾನೆ.