ಗೂಬೆ ನಲವತ್ತೇಳು

ಮಂಗಳವಾರ ರಾತ್ರಿ ಕಂಪನಿಯವರು ಆಟಕ್ಕೆ ಹೊಸ ಬಣ್ಣ ಬಳಿದರು.
ಹಿಮ ಇನ್ನೂ ಬೆಳ್ಳಗಾಯಿತು, ಲಾರಿಯ ಗಾಜಿನೊಳಗೆ
ಮೋಡ ಕಾಣತೊಡಗಿತು,
ನನ್ನ ಬಲಗೈ ಮಾತ್ರ ಮತ್ತೆ ಹೋಯಿತು.

ಮೊದಲ ಸಲ ಹೋದದ್ದು ಗುತ್ತಲು ರಸ್ತೆಯಲ್ಲಿ,
ಮಾವನ ಕಬ್ಬಿನಹಾಲಿನ ಅಂಗಡಿ.
ನಿಂಬೆ, ಶುಂಠಿ, ಗಲ್ಲಾದ ಸುತ್ತ ಜೇನುನೊಣ,
ಜಲ್ಲೆಯ ಜೊತೆ ಗಾಣದೊಳಕ್ಕೆ ಹೋದ ಮೂರು ಬೆರಳು.
ಕವಚ ಇರಲಿಲ್ವಾ ಮಿಷಿನ್ನಿಗೆ, ಅಂದರು ಆಸ್ಪತ್ರೆಯಲ್ಲಿ.
ಇತ್ತು. ಕಂಪನಿಯದೇ. ಜಲ್ಲೆ ತೂರಿಸಲು ತೊಡಕೆಂದು
ವೆಲ್ಡಿಂಗ್ ಶಾಪಿನವನು ಬಿಚ್ಚಿಕೊಟ್ಟಿದ್ದ.
ಹೀಗಾಗಿ ಅನಧಿಕೃತ ಅನ್ನೋ ಮಾತಿನ
ಎರಡೂ ಮಗ್ಗುಲು ಬಲ್ಲೆ.

ಮುದಸ್ಸಿರನ ಅಂಗಡಿಗೆ ಎಳಕೊಂಡು ಹೋದವನು
ಅಕ್ಕಿಗಿರಣಿಯ ಚನ್ನಕೇಶಿ.
ಆರು ಕಂಪ್ಯೂಟರು, ಒಂದೇ ಫ್ಯಾನು, ಗಂಟೆಗೆ ಮೂವತ್ತು.
ಎರಡು ಕೈ ಬೇಕಲ್ಲೋ ಇದಕ್ಕೆ, ಅಂದೆ.
ಒಂದು ಸಾಕು, ಅಂದ ಮುದಸ್ಸಿರ್, ಗೂಬೆ ಹಾಕಿದರೆ.

ಗೂಬೆ ನಲವತ್ತೇಳು. ಹೆಸರಷ್ಟೇ ಗೊತ್ತು.
ಗಂಡೋ ಹೆಣ್ಣೋ, ಯಾವ ಸೀಮೆಯೋ, ಉಂಡಿತೋ ಇಲ್ಲವೋ.
ಬಿಡುವಿನಲ್ಲಿ ಬರೆದದ್ದು, ಬಿಟ್ಟಿ ಕೊಟ್ಟದ್ದು:
ಬಲಗೈಯ ಕೆಲಸವನ್ನೆಲ್ಲ ಎಡಗೈಯ ಐದು ಬೆರಳಿಗೆ
ಅಣ್ಣತಮ್ಮಂದಿರ ಗದ್ದೆಯ ಹಾಗೆ ಪಾಲು ಹಾಕುವ
ಪುಟ್ಟದೊಂದು ಫೈಲು.

ಅದರ ಜೊತೆಗೆ ಮದ್ದೂರಿನ ಯಾವನೋ ಹುಡುಗ
ಪರದೇಶದ ಲಾರಿಗೆ ಕಬ್ಬು ಹೇರಿಕೊಟ್ಟಿದ್ದ,
ಸೋಗೆ ಹಿಂದೆ ರಸ್ತೆ ಗುಡಿಸುವಷ್ಟು.
ಅದನ್ನು ಹಿಮದ ಘಾಟಿಯಲ್ಲಿ ಒಂಟಿ ಕೈಯಲ್ಲಿ ಇಳಿಸಿದ ರಾತ್ರಿ
ಆರೂ ಕುರ್ಚಿಯವರು ಎದ್ದು ನಿಂತರು.
ಮನೆಗೆ ಹೋಗಿ, ಅವ್ವನ ಎದುರಿಗೇ,
ಎಡಗೈಯಲ್ಲಿ ಮುದ್ದೆ ಮುರಿದೆ. ಮೊದಲ ಸಲ. ನಾಚದೆ.

ಮಂಗಳವಾರದ ಮೇಲೆ ಗೂಬೆ ಕಣ್ಣು ಬಿಡಲಿಲ್ಲ.
ಕಂಪನಿಗೆ ಬರೆದೆವು. ಮುದಸ್ಸಿರನ ನಾದಿನಿ ಆಫ್ರೀನ್
ಇಂಗ್ಲಿಷು ತಿದ್ದಿದಳು. ಹದಿನಾಲ್ಕು ಅಂಕಿಯ
ನಂಬರೊಂದು ಬಂತು. ಒಂಬತ್ತು ದಿನಕ್ಕೆ ಉತ್ತರ:
ತೊಂದರೆಗೆ ವಿಷಾದ. ಅನಧಿಕೃತ ಉಪಕರಣವನ್ನು
ತೆಗೆದುಹಾಕಿ ಮತ್ತೆ ಪ್ರಯತ್ನಿಸಿ.
ಗೂಬೆಯ ಮೇಲೇ ಗೂಬೆ ಕೂರಿಸಿದರು.

ತೆಗೆದುಹಾಕಿ ಮತ್ತೆ ಪ್ರಯತ್ನಿಸಿದೆ. ಮಾತು ಕೇಳಬೇಕಲ್ಲ.
ಮೊದಲ ತಿರುವಿನಲ್ಲೇ ಕಬ್ಬೆಲ್ಲ ಕಣಿವೆಗೆ.

ದುಡ್ಡು ಕೊಟ್ಟಿಲ್ವಾ, ಹೊಣೆ ಅವರದಲ್ವಾ,
ಚನ್ನಕೇಶಿ ರೇಗಿದ.
ಮುದಸ್ಸಿರ್ ಫ್ಯಾನಿನ ಧೂಳು ಒರೆಸುತ್ತಿದ್ದ:
ನಾಲೆ ಸರ್ಕಾರದ್ದು ಕಣಪ್ಪಾ. ಗದ್ದೆ ಮುಟ್ಟೋ ಕಾಲುವೆ
ಯಾವತ್ತೂ ನಾವೇ ತೋಡ್ಕೊಂಡಿದ್ದು.
ನಾವೆಲ್ಲಿ ತೋಡಿದ್ವಿ, ತೋಡಿದ್ದು ಗೂಬೆ, ಅಂದೆ.
ಯಾರೂ ಮಾತಾಡಲಿಲ್ಲ.
ಮೂರು ವರ್ಷದಲ್ಲಿ ಒಂದು ಥ್ಯಾಂಕ್ಸ್ ಬರೆದ ನೆನಪು
ಆರು ಕುರ್ಚಿಯಲ್ಲಿ ಒಬ್ಬನಿಗೂ ಇಲ್ಲ.
ಯಾವಾಗ ಸರಿ ಮಾಡ್ತೀಯ ಅಂತ ಮಾತ್ರ
ಈ ವಾರ ನಾನೇ ನಾಲ್ಕು ಸಲ ಕೇಳಿದ್ದೆ.

ಹದಿಮೂರನೇ ರಾತ್ರಿ, ಕರೆಂಟು ಹೋಗಿ ಬಂದಾಗ,
ಫೈಲು ಬಂದಿತ್ತು. ಜೊತೆಗೆ ಒಂದೆರಡು ಸಾಲು,
ಆಫ್ರೀನ್ ಮೆಲ್ಲಗೆ ಓದಿ ಹೇಳಿದಳು:
ಅಮ್ಮ ಆಸ್ಪತ್ರೆಯಲ್ಲಿದ್ದರು. ತಡವಾಯಿತು.
ಅವಸರದಲ್ಲಿ ಮಾಡಿದ್ದು, ತಪ್ಪಿರಬಹುದು.

ತಪ್ಪಿತ್ತು. ಬ್ರೇಕು ಒತ್ತಿದರೆ ಹಾರನ್ನು,
ಹಾರನ್ನು ಒತ್ತಿದರೆ ಬ್ರೇಕು.
ಮಂಡ್ಯದ ಬಸ್ಸು ಹತ್ತಿದವರಿಗೆ ಇದೇನು ಹೊಸದಲ್ಲ.
ಅರಚಿಕೊಂಡೇ ಘಾಟಿ ಇಳಿಯಿತು ಕಬ್ಬಿನ ಲಾರಿ.

ಕಂಪ್ಲೇಂಟು ಬರೆಯಲು ಕೂತ ಚನ್ನಕೇಶಿಯ ತೋಳನ್ನು
ಬಲಗೈಯ ಎರಡು ಬೆರಳಲ್ಲಿ ಹಿಡಿದೆ.
ತಡಿ, ನಾಳೆ ಬರೆದರಾಯಿತು.
ಇಲ್ಲಿ ಈಗ ರಾತ್ರಿ ಒಂದೂವರೆ,
ಅಲ್ಲಿ ಹಗಲಿರಬಹುದು.
ಗೂಬೆ ಮಲಗಲಿ.